ಎರಡನೆಯ ಗುಂಡು

ಬೆಟ್ಟಗಳು ಈಗಿದ್ದಲ್ಲೇ ಇದ್ದು ದಾರಿಗಳು ಮಾತ್ರ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಬಹಳ ಹಿಂದೆ, ಕೊಡಗಿನ ಒಂದು ಊರಲ್ಲಿ ಬೆಳ್ಳಿಯಪ್ಪ ಅಂತ ಒಬ್ಬ ಐರಿ ಇದ್ದನಂತೆ. ಐರಿ ಅಂದರೆ ಕುಲುಮೆಯವನು. ಕತ್ತಿ ಕಾಸುವವನು, ನೇಗಿಲಿಗೆ ಗುಳ ಬಡಿಯುವವನು, ಕೋವಿ ಕೆಟ್ಟರೆ ನೋಡುವವನು. ಸರಿಮಾಡಿದ ಕೋವಿಯನ್ನೆಲ್ಲ ಹಾರಿಸಿ ನೋಡಿ ನೋಡಿ ಅವನ ಎರಡೂ ಕಿವಿ ಹೋಗಿದ್ದವಂತೆ. ಆಮೇಲೆ ಅವನು ಹಲ್ಲಿನಿಂದ ಕೇಳುತ್ತಿದ್ದ ಅಂತಾರೆ. ನಗಬೇಡಿ, ಮುಂದೆ ಕೇಳಿ.

ಆ ಊರಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗದ್ದೆಬಯಲು, ಒಂದು ಕಾಡು. ಕೂಗಿದರೆ ಕೇಳದು. ಸುದ್ದಿಯನ್ನು ಕೋವಿಯೇ ಹೇಳಬೇಕು. ಒಂದು ಗುಂಡು ಹಾರಿದರೆ ಆ ಮನೆಯಲ್ಲಿ ಗಂಡು ಹುಟ್ಟಿತು ಅಂತ. ಹೆಣ್ಣು ಹುಟ್ಟಿದರೆ ಕೋವಿ ಸುಮ್ಮನಿರುತ್ತಿತ್ತು, ಅದಿರಲಿ. ಎರಡು ಹಾರಿದರೆ ಯಾರೋ ತೀರಿಕೊಂಡರು ಅಂತ. ಎರಡು ಕೇಳಿದವರು ಕೈಯ ತುತ್ತನ್ನು ತಟ್ಟೆಗೆ ಬಿಟ್ಟು ಹೊರಡಬೇಕು.

ಮೇಲುಮನೆಯ ಮಾಚಯ್ಯ ದಂಡಿನಿಂದ ಬರುವಾಗ ಹೊಸ ಬಗೆಯ ಕೋವಿ ತಂದಿದ್ದನಂತೆ. ನಳಿಗೆಯ ಕೆಳಗೊಂದು ಮರದ ಹಿಡಿ. ಹಿಂದಕ್ಕೆಳೆದರೆ ಸುಟ್ಟ ಗುಂಡಿನ ತೋಟೆ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸ ತೋಟೆ ಒಳಗೆ. ಸುತ್ತಲಲ್ಲಿ ಅಂಥದ್ದು ಅದೊಂದೇ. ಬರಬರುತ್ತ ಹಿಡಿ ಎಳೆದರೆ ಒರಟಾಗಿ ತಡೆಯತೊಡಗಿತು. ಮಾಚಯ್ಯನ ತಮ್ಮ ಮಂದಣ್ಣ ಎಣ್ಣೆ ಬಿಟ್ಟ. ಮತ್ತೆ ಒರಟಾಯಿತು, ಮತ್ತೆ ಬಿಟ್ಟ.

ಅವರ ತಾಯಿ ತೀರಿಕೊಂಡ ದಿನ ಮಂದಣ್ಣ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸಿದ. ಹಿಡಿ ಎಳೆದ. ಅದು ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಎರಡನೆಯದು ಹಾರಲೇ ಇಲ್ಲ.

ಮಂದಣ್ಣನ ಹೆಂಡತಿ ಆಗ ತುಂಬಿದ ಬಸುರಿ. ಕಣಿವೆಯವರಿಗೆ ಇನ್ನೇನು ಬೇಕು? ಮಧ್ಯಾಹ್ನದ ಹೊತ್ತಿಗೆ ಬಾಣಂತಿಗೆ ಅಂತ ಬೆಲ್ಲ, ಬೆಳ್ಳುಳ್ಳಿ, ಒಂದು ಕೋಳಿ ಹಿಡಿದು ನಗುತ್ತ ಬಂದರು. ಬಾಗಿಲಲ್ಲಿ ನಿಂತಿದ್ದವಳು ಮಾಚಯ್ಯನ ಹೆಂಡತಿ ಚಿಣ್ಣವ್ವ. ಮುಂದೆ ಬಂದ ಮುದುಕಿ ಅವಳ ಗಲ್ಲ ಹಿಡಿದು, “ಕೂಸು ಯಾರ ಹಾಗಿದೆಯೇ, ಅಜ್ಜಿಯ ಹಾಗೋ?” ಅಂದಳಂತೆ. ಅಜ್ಜಿ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಚಿಣ್ಣವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಷ್ಟೆ. ಆ ಕೋಳಿ ಹೆಣದ ಸುತ್ತ ಓಡಾಡಿದ್ದನ್ನು ಅವಳು ಸಾಯುವತನಕ ಮರೆಯಲಿಲ್ಲವಂತೆ.

ಮೂರು ವರ್ಷ ಕಳೆದು ಮಾಚಯ್ಯನೇ ಹಾಸಿಗೆ ಹಿಡಿದ. ಅವನು ಹೆಂಡತಿಯ ಹತ್ತಿರ ಕೇಳಿದ್ದು ಒಂದೇ: ತನ್ನ ಸಾವು ಯಾರ ಹುಟ್ಟೂ ಆಗಬಾರದು. ಬೇರೆ ಕೋವಿ ತರಿಸೋಣವೆಂದರೆ ಒಪ್ಪಲಿಲ್ಲ. ಸಾವನ್ನು ಕಡ ತಂದ ಕೋವಿಯಿಂದ ಹೇಳಿಸುವ ಮನೆ ಯಾವುದಿದೆ?

ಚಿಣ್ಣವ್ವ ಕೋವಿಯನ್ನು ಹೆಗಲಿಗೇರಿಸಿ ಕುಲುಮೆಗೆ ಇಳಿದಳು. ಹಿಂದೆಯೇ ಮಂದಣ್ಣ. “ಅತ್ತಿಗೆ, ಕಿವುಡನಿಗೆ ಕೋವಿ ತೋರಿಸೋದು ಕುರುಡನಿಗೆ ಹೆಣ್ಣು ತೋರಿಸಿದ ಹಾಗೆ,” ಅಂದ. ಅವಳು ತಿರುಗಿಯೂ ನೋಡಲಿಲ್ಲ.

ಬೆಳ್ಳಿಯಪ್ಪ ಮೊದಲು ತೋಟೆ ಇಲ್ಲವೆಂದು ಕಣ್ಣಿಂದ ನೋಡಿದ, ಆಮೇಲೆ ಬೆರಳು ಹಾಕಿ ನೋಡಿದ. ಕಣ್ಣು ಮುಚ್ಚಿದ. ಕೋವಿಯ ಹಿಂಗುಂಡಿಯನ್ನು, ಅಂದರೆ ಹೆಗಲಿಗೆ ಆನಿಸುವ ಮರದ ತುದಿಯನ್ನು, ಹಲ್ಲಲ್ಲಿ ಕಚ್ಚಿ, ಹಿಡಿಯನ್ನು ಬಸವನಹುಳದಷ್ಟು ಮೆಲ್ಲಗೆ ಎಳೆದ. ನೆಟ್ಟಗೆ ಎಳೆದ, ಓರೆಯಾಗಿ ಎಳೆದ, ಬುಡಮೇಲು ಮಾಡಿ ಎಳೆದ. ಎಲ್ಲಿ ತಡೆಯುತ್ತದೆ, ಎಷ್ಟು ಬೆರಳಿನ ದೂರದಲ್ಲಿ ತಡೆಯುತ್ತದೆ ಅಂತ ಅವನ ಹಲ್ಲು ಹೇಳಿತಂತೆ.

ಅರ ಹಾಕು ಅಂತ ಮಂದಣ್ಣ ಅರವನ್ನೇ ಎತ್ತಿ ತೋರಿಸಿ ಕಿರುಚಿದ. ಐರಿ ಬೇಡವೆಂದು ತಲೆಯಾಡಿಸಿದ. “ತೆಗೆದ ಕಬ್ಬಿಣ ಮತ್ತೆ ಅಂಟಲ್ಲ, ಮಂದಣ್ಣ. ರೋಗ ಗೊತ್ತಾಗೋ ಮೊದಲು ಕೈ ಕತ್ತರಿಸ್ತಾರಾ?”

ಬಿಚ್ಚಿದ. ಒಳಗೆ ಹಿಡಿ ಜಾರುವ ಕಂಬಿಗಳ ದಾರಿಯಲ್ಲಿ ಕಂದು ಬಣ್ಣದ ಅಂಟು, ಹಲಸಿನ ಮೇಣದ ಹಾಗೆ. ಐರಿ ಮೂಸಿ ನೋಡಿದ. ಗಂಧ. ಕೋವಿ ಪೂಜೆಯ ಕೈಲು ಮುಹೂರ್ತದಂದು ಮೇಲುಮನೆಯವರು ವರ್ಷವರ್ಷವೂ ಕಬ್ಬಿಣಕ್ಕೆ ಧಾರಾಳವಾಗಿ ಹಚ್ಚಿದ ಗಂಧ, ಕುಂಕುಮ, ಅಂದು ಕೋವಿಗೆ ಮುಡಿಸುವ ಕೋವಿಹೂವಿನ ಎಸಳು. ಅದರ ಮೇಲೆ ಮಂದಣ್ಣನ ಎಣ್ಣೆ.

“ಭಕ್ತಿ ಹೆಚ್ಚಾಗಿದೆ,” ಅಂದನಂತೆ ಐರಿ.

ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಜೋಡಿಸಿದ. ಹಿಡಿ ಹಗುರವಾಯಿತು. ಆದರೂ ಒಂದೇ ಒಂದು ಕಡೆ ಹಲ್ಲಿಗೆ ಮುಳ್ಳು ಚುಚ್ಚಿದ ಹಾಗಾಯಿತಂತೆ. ಮತ್ತೆ ಬಿಚ್ಚಿದ. ಕಂಬಿಗಳಿಗೆ ದೀಪದ ಮಸಿ ಹಿಡಿಸಿ, ಜೋಡಿಸಿ ಎಳೆದು, ಮೂರನೆಯ ಸಲ ಬಿಚ್ಚಿದ. ಮಸಿ ಅಳಿಸಿ ಹೊಳೆಯುತ್ತಿದ್ದ ಜಾಗ ಒಂದು ಎಳ್ಳುಕಾಳಿನಷ್ಟು. ಅಲ್ಲಿ ಕಬ್ಬಿಣ ಉಬ್ಬಿತ್ತು.

“ಇದಕ್ಕೆ ಯಾರು ಹೊಡೆದದ್ದು?”

ಮಂದಣ್ಣ ನೆಲ ನೋಡಿದ. ಅವ್ವ ಹೋದ ದಿನ ಎರಡನೆಯದು ಹಾರಲಿ ಅಂತ ಸುತ್ತಿಗೆಯಲ್ಲಿ ಬಡಿದೆ, ಅಂದ. ಅಳುತ್ತ ಬಡಿದೆ, ಅಂದ. ಅವನ ಬಾಯಿಯಿಂದ ಆ ಮಾತು ಹೊರಟದ್ದು ಅದೇ ಮೊದಲು. ಐರಿಗೆ ಕೇಳಿಸಲಿಲ್ಲ, ಚಿಣ್ಣವ್ವನಿಗೆ ಕೇಳಿಸಿತು. ಅವಳು ಮೈದುನನಿಗೆ ಮಜ್ಜಿಗೆಯ ತಂಬಿಗೆ ಕೊಟ್ಟಳು.

ಐರಿ ಆ ಎಳ್ಳುಕಾಳನ್ನು ಸಾಣೆಕಲ್ಲಿನಿಂದ ಉಜ್ಜಿದ. ಅಷ್ಟೇ, ಕೂದಲೆಳೆ ಹೆಚ್ಚಿಲ್ಲ. ಒಂದು ಹನಿ ಎಣ್ಣೆಯನ್ನು ಬಟ್ಟೆಗೆ ಬಿಟ್ಟು, ಒರೆಸಿ, ಎಣ್ಣೆಯ ಗಿಂಡಿಯನ್ನು ಮಂದಣ್ಣನಿಂದ ದೂರ ಇಟ್ಟನಂತೆ.

ನಾಲ್ಕನೆಯ ದಿನ ಬೆಳಗ್ಗೆ ಮಾಚಯ್ಯ ಹೋದ. ಮಂದಣ್ಣ ಅಂಗಳಕ್ಕೆ ಬಂದ. ಒಂದು ಹಾರಿತು. ಚಿಣ್ಣವ್ವ ಬಾಗಿಲಲ್ಲಿ ನಿಂತು ಹಿಡಿಯನ್ನೇ ನೋಡಿದಳು. ಹಿಡಿ ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು. ಎರಡನೆಯದು ಹಾರಿತು. ಅವಳು ಅತ್ತದ್ದು ಆಮೇಲೆ.

ಕಣಿವೆಯವರೆಲ್ಲ ಬಂದರು. ಯಾರ ಕೈಯಲ್ಲೂ ಕೋಳಿ ಇರಲಿಲ್ಲ. ಮೊದಲು ಬಂದವನು ಬೆಳ್ಳಿಯಪ್ಪ. ಅವನಿಗೆ ಹೇಗೆ ಗೊತ್ತಾಯಿತು? ನಾಲ್ಕು ದಿನವೂ ಅವನು ಕೆಲಸ ಬಿಟ್ಟು ಕುಲುಮೆಯ ಕಂಬಕ್ಕೆ ಹಲ್ಲು ಕೊಟ್ಟು ಕೂತಿದ್ದ ಅಂತಾರೆ. ಸುಳ್ಳೋ ನಿಜವೋ, ಕಂಬದಲ್ಲಿ ಹಲ್ಲಿನ ಗುರುತಿತ್ತಂತೆ.

ಎಷ್ಟೋ ಕಾಲದ ಮೇಲೆ ಐರಿಯೂ ಹೋದ. ಊರ ಕೋವಿಗಳನ್ನೆಲ್ಲ ಸರಿಮಾಡಿದವನ ಮನೆಯಲ್ಲಿ ಒಂದು ಕೋವಿ ಇರಲಿಲ್ಲ. ಸುದ್ದಿ ತಿಳಿದ ಚಿಣ್ಣವ್ವ, ಬೆನ್ನು ಬಾಗಿದ ಮುದುಕಿ, ಮೇಲುಮನೆಯ ಕೋವಿ ಹೊತ್ತು ಇಳಿದು ಬಂದಳು. ಕಡ ಅಲ್ಲ, ಇದು ಅವನದೇ ಅಂದಳು. ಹಾರಿಸುವ ಮೊದಲು ಹಿಂಗುಂಡಿಯನ್ನು ಇದ್ದ ನಾಲ್ಕು ಹಲ್ಲಲ್ಲಿ ಕಚ್ಚಿ, ಖಾಲಿ ಕೋವಿಯ ಹಿಡಿಯನ್ನು ಒಮ್ಮೆ ಮೆಲ್ಲಗೆ ಎಳೆದಳಂತೆ. ಆಮೇಲೆ ಎರಡೂ ಹಾರಿದವು.

ಈಗಲೂ ಆ ಊರಲ್ಲಿ ಕೈಲು ಮುಹೂರ್ತದ ದಿನ ಗಂಧದ ಬೊಟ್ಟು ಇಡುವುದು ಮರಕ್ಕೆ ಮಾತ್ರ, ಕಬ್ಬಿಣಕ್ಕಲ್ಲ. ಸಾವಿನ ಮನೆಯಲ್ಲಿ ಕೋವಿ ಎತ್ತಿದವನು ತೋಟೆ ತುಂಬುವ ಮೊದಲು ಹಿಂಗುಂಡಿಯನ್ನು ಒಮ್ಮೆ ಹಲ್ಲಿಗೆ ತಾಗಿಸುತ್ತಾನೆ. ಹೊರಗಿನವರು ಮುತ್ತಿಟ್ಟ ಅಂದುಕೊಳ್ಳುತ್ತಾರೆ. ಮೊದಲನೆಯದು ಹಾರಿದ ಮೇಲೆ, ಎರಡನೆಯದು ಕೇಳುವತನಕ, ಕಣಿವೆಯಲ್ಲಿ ಯಾರೂ ನಗುವುದಿಲ್ಲ.