ಮೂಳೆಯೊಳಗೆ ಇಟ್ಟ ಕವೆಗೋಲು

ಲೋಕ ಇನ್ನೂ ಹಸಿಹಸಿಯಾಗಿತ್ತು. ಎತ್ತ ಬೀಸಬೇಕೋ ಗಾಳಿಗೇ ಗೊತ್ತಿರಲಿಲ್ಲ. ಆಗ ಮೊದಲನೇ ಮಗು ಹುಟ್ಟಿತು.

ಆ ಮಗುವಿನ ಮೈಯೊಳಗೆ ಒಂದು ಹಟ್ಟಿ. ಸುತ್ತ ಬೇಲಿಯ ಹಾಗೆ ತೊಗಲು. ನಡುವೆ ನೆತ್ತರ ಹೊಳೆ. ಹೊಳೆದಂಡೆಯಲ್ಲಿ ಚಿಕ್ಕೀರ, ಅವನ ಹೆಂಡತಿ ಬೋರಕ್ಕ.

ಬೋರಕ್ಕ ಬೇಲಿ ಕಾಯುತ್ತಿದ್ದಳು. ಚಿಕ್ಕೀರ ಕವೆಗೋಲು ಕಡಿಯುತ್ತಿದ್ದ. ತುದಿ ಎರಡಾಗಿ ಕವಲೊಡೆದ ಕೋಲು ಅದು. ಹೊರಗಿನವರು ನುಗ್ಗಿದರೆ ಅವರ ಕೊಂಬಿಗೆ ಕವೆ ಸಿಕ್ಕಿಸಿ ಒತ್ತಿ ಹಿಡಿಯೋದು. ಆಮೇಲೆ ಹಟ್ಟಿಯ ಹೊಟ್ಟೆಬಾಕ ಬಂದು ನುಂಗೋನು.

ಒಂದು ದಿನ ಗುಳ್ಳೆ ಅನ್ನೋನು ತನ್ನ ಮಂದಿ ಕಟ್ಟಿಕೊಂಡು ನುಗ್ಗಿದ. ಅಂಥ ಕೊಂಬು ಯಾರೂ ಕಂಡಿರಲಿಲ್ಲ. ಚಿಕ್ಕೀರ ಒಂದು ಕವೆ ಒಡ್ಡಿದ. ಜಾರಿತು. ಇನ್ನೊಂದು ಒಡ್ಡಿದ. ಅದೂ ಜಾರಿತು.

"ನಿನ್ನ ಕವೆ ಬೆನ್ನು ಕೆರ್ಕೊಳ್ಳೋಕೆ ಚೆನ್ನಾಗದೆ ಕಣೋ" ಅಂತ ಗುಳ್ಳೆ ನಕ್ಕ.

ಹೊಳೆ ಕಾದು ಕುದಿಯಿತು. ಮಗುವಿಗೆ ಜ್ವರ. ಚಿಕ್ಕೀರ ಕಡಿದ, ಕೆತ್ತಿದ, ಅಳತೆ ನೋಡಿದ. ಏಳನೇ ದಿನ ಒಂದು ಕವೆ ಕೊಂಬಿಗೆ ಸರಿಯಾಗಿ ಕೂತಿತು. ಅದೇ ಅಳತೆಗೆ ಸಾವಿರ ಕಡಿದ. ಹೊಟ್ಟೆಬಾಕ ಬಂದು ಗುಳ್ಳೆಯ ಮಂದಿಯನ್ನೆಲ್ಲ ನುಂಗಿದ. ಗುಳ್ಳೆ ಒಬ್ಬನೇ ಬೇಲಿ ಹಾರಿ ಓಡಿದ.

ಚಿಕ್ಕೀರ ಕವೆಗಳನ್ನೆಲ್ಲ ಸೌದೆಗೆ ಅಂತ ಒಲೆಯ ಮುಂದೆ ಸುರಿದ.

"ಒಂದಾದರೂ ಇಟ್ಕೊ. ಮತ್ತೆ ಬಂದಾನು" ಅಂದಳು ಬೋರಕ್ಕ.

"ನನ್ನ ಕವೆ ಕಂಡ ಮೇಲೂ ಬರ್ತಾನೇನೇ? ನೀನೊಬ್ಬಳು ಪುಕ್ಕಲಿ. ಹೋಗು, ಅಂಬಲಿ ಕಾಯ್ಸು."

ಎಲ್ಲ ಉರಿದುಹೋದವು.

ಗುಳ್ಳೆ ಬಂದ. ಹೊಸ ಮಂದಿ, ಅದೇ ಕೊಂಬು. ಚಿಕ್ಕೀರನಿಗೆ ಅಳತೆ ನೆನಪಿರಲಿಲ್ಲ. ಮೊದಲಿಂದ ಕಡಿಯಬೇಕು.

"ನೀನು ಕಡಿ. ನಾನು ತಡೀತೀನಿ" ಅಂದಳು ಬೋರಕ್ಕ. ಬರಿಗೈಲಿ ನಿಂತಳು.

ಏಳನೇ ದಿನ ಕವೆ ಕೂತಿತು. ಮಗು ಉಳಿಯಿತು. ಬೋರಕ್ಕ ಆರನೇ ದಿನವೇ ಬಿದ್ದಿದ್ದಳು.

ಕಣ್ಣು ಮುಚ್ಚೋ ಮುಂಚೆ ಅವನನ್ನು ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. "ಅಂಬಲಿ ಮುಚ್ಚಿಟ್ಟಿದೀನಿ, ಕುಡಿ" ಅಂದಳು. ಅಷ್ಟೆ.

ಅವನಿಗೆ ಆ ಮಡಕೆಯ ಮುಚ್ಚಳ ತೆಗೆಯೋಕೆ ಆಗಲಿಲ್ಲ.

ಹೊಳೆ ಕೇಳಿತು: "ಚಿಕ್ಕೀರಾ, ಒಂದು ಕವೆ ಇಡೋಕೆ ಜಾಗ ಇರಲಿಲ್ವಾ?"

"ಇತ್ತು."

"ಮತ್ತೆ?"

"ಹೆಂಡತಿ ಮಾತು ಕೇಳ್ದ ಅಂತ ನಗ್ತಾರೆ ಅಂದ್ಕೊಂಡೆ."

ಅವನು ತಲೆ ಎತ್ತಲಿಲ್ಲ. ಹೊಳೆ ಮುಂದಕ್ಕೆ ಹರಿಯಿತು.

ಆವತ್ತು ಚಿಕ್ಕೀರ ಒಂದು ಕವೆ ತಗೊಂಡು ಮಗುವಿನ ಮೂಳೆಯೊಳಗೆ ಇಟ್ಟ. ಆಮೇಲೆ ಯಾರೇ ನುಗ್ಗಲಿ, ಅವರ ಅಳತೆಯದೂ ಒಂದು ಇಟ್ಟ. ಹುಟ್ಟುವ ಒಂದೊಂದು ಮಗುವಿನ ಮೈಯಲ್ಲೂ ಅವನ ಕುಲದವರು ಈಗಲೂ ಹಾಗೇ ಮಾಡುತ್ತಾರೆ, ತಲೆ ತಗ್ಗಿಸಿಕೊಂಡೇ.

ಅದಕ್ಕೇ ಮಗಾ, ಸೀತಾಳೆ ಸಿಡುಬು ಒಮ್ಮೆ ಎದ್ದು ವಾಸಿಯಾದ ಅಕ್ಕ, ಮೈಯೆಲ್ಲ ಗುಳ್ಳೆ ಎದ್ದು ಮಲಗಿರೋ ತಮ್ಮನ ಪಕ್ಕ ಕೂತು ಬೇವಿನ ಎಲೆಯಲ್ಲಿ ಅವನ ಬೆನ್ನು ಸವರುತ್ತಿದ್ದರೂ, ಅವಳಿಗೆ ಅದು ಮತ್ತೆ ಏಳೋದಿಲ್ಲ.