ಗಾಡಿ ಕೇಳುವ ರೀತಿ

“ಮೇಷ್ಟ್ರೇ, ಕಿಟಕಿ ಮುಚ್ಚಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಸುತ್ತು ಯಾಕೆ ಹಾಕಬೇಕು?”

ಕೇಳಿದವನು ಚನ್ನವೀರ. ಮೇಷ್ಟ್ರ ಮನೆಯ ಜಗಲಿಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದವನು. ಅವನಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು, ತಕ್ಕಮಟ್ಟಿಗೆ ಮಾತೂ ಬರುತ್ತಿತ್ತು. ಆ ದಿನ ಮಾತ್ರ ತಲೆ ಕೆಟ್ಟಿತ್ತು. ‘ಕ್ಲೋಸ್ ದ ವಿಂಡೋ’ ಅಂದ, ಮೇಷ್ಟ್ರು ಒಪ್ಪಲಿಲ್ಲ. ‘ಪ್ಲೀಸ್’ ಸೇರಿಸಿದ, ಅದೂ ಸಾಲದೆಂದರು. ‘ವುಡ್ ಯೂ ಮೈಂಡ್ ಕ್ಲೋಸಿಂಗ್ ದ ವಿಂಡೋ’ ಎಂದು ಮತ್ತೆ ಮತ್ತೆ ಹೇಳಿಸಿದಾಗ ಪುಸ್ತಕ ಮಡಚಿಟ್ಟುಬಿಟ್ಟ.

“ನಿಮಗೇನೂ ಬೇಜಾರಿಲ್ಲ ತಾನೇ ಅಂತ ನಾವು ಕೇಳಬೇಕು. ಅವರು ಇಲ್ಲ ಅನ್ನಬೇಕು. ಆಮೇಲೆ ಮುಚ್ಚಬೇಕು. ಅಷ್ಟರಲ್ಲಿ ಮಳೆ ಒಳಗೆ ಬಂದು ಕೂತಿರುತ್ತದೆ! ನೆಟ್ಟಗೆ ಹೇಳಿದರೆ ಏನು ತಪ್ಪು?”

ಮೇಷ್ಟ್ರು ಒಂದು ಕತೆ ಹೇಳಿದರು.

ಒಬ್ಬ ಬಳೆ ವ್ಯಾಪಾರಿ ಘಟ್ಟದ ಮೇಲಿನ ಒಂದು ಹಳ್ಳಿಗೆ ಬಂದ. ಅವನನ್ನು ಕರೆತಂದ ಗಾಡಿ ಅಲ್ಲಿಂದಲೇ ಹಿಂತಿರುಗಿತು. ಅವನ ಬಳಿ ಗಾಜಿನ ಬಳೆಯ ಪೆಟ್ಟಿಗೆಗಳಿದ್ದವು. ಅವನ ಬದುಕೆಲ್ಲ ಆ ಪೆಟ್ಟಿಗೆಗಳಲ್ಲಿತ್ತು. ಅವನ್ನು ಘಟ್ಟ ಇಳಿಸಿ ಪೇಟೆ ಮುಟ್ಟಿಸಲು ಬೇರೆ ಗಾಡಿ ಬೇಕಿತ್ತು.

ಆ ಹಳ್ಳಿಯಲ್ಲಿ ಒಂದು ಪದ್ಧತಿ. ಅಂಗಳಕ್ಕೆ ಬಂದು ಗಾಡಿ ಕೇಳಿದವನಿಗೆ ಆಗುವುದಿಲ್ಲ ಅನ್ನುವಂತಿಲ್ಲ. ಹಾಗಂದರೆ ಮನೆಗೆ ಕೇಡೆಂದು ಅವರ ನಂಬಿಕೆ. ಅದಕ್ಕೇ ಅಲ್ಲಿ ಯಾರೂ ನೇರವಾಗಿ ಗಾಡಿ ಕೇಳುತ್ತಿರಲಿಲ್ಲ. ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, “ಎತ್ತು ಮೇವು ತಿಂದವೇ?” ಅನ್ನುತ್ತಿದ್ದರು. “ತಿಂದವು” ಅಂದರೆ ಗಾಡಿ ಹೊರಡುತ್ತಿತ್ತು. “ಇನ್ನೂ ತಿನ್ನುತ್ತಿವೆ” ಅಂದರೆ ಬಂದವನು ಬೇರೆ ಮನೆ ನೋಡಿಕೊಳ್ಳುತ್ತಿದ್ದ. ಯಾರಿಗೂ ಮುಖ ಮುರಿದಂತೆ ಆಗುತ್ತಿರಲಿಲ್ಲ.

ಅಲ್ಲಿನ ಒಬ್ಬ ಮುದುಕಿ ವ್ಯಾಪಾರಿಗೆ ಇದನ್ನೆಲ್ಲ ತಿಳಿಸಿ ಹೇಳಿದಳು. ಅವನಿಗೆ ರೇಗಿತು.

“ಅಲ್ಲಾ ಅಜ್ಜಿ, ನನಗೆ ಬೇಕಾದದ್ದು ಗಾಡಿ. ಎತ್ತುಗಳ ಊಟ ಉಪಚಾರ ವಿಚಾರಿಸಲು ನಾನೇನು ಅವುಗಳ ಬೀಗನೇ?”

“ಬೀಗನಲ್ಲದಿದ್ದರೂ ಅಡ್ಡಿಯಿಲ್ಲ, ಕೇಳು ಮಾರಾಯ. ಬಾಯಿ ಸವೆದುಹೋಗುತ್ತದೆಯೇ?”

ಅವನು ಕೇಳಲಿಲ್ಲ. ಗಾಡಿಯವನ ಅಂಗಳಕ್ಕೆ ಹೋಗಿ ನಿಂತಲ್ಲಿಂದಲೇ, “ಬೆಳಗ್ಗೆ ಗಾಡಿ ಕಟ್ಟು, ಘಟ್ಟ ಇಳಿಯಬೇಕು” ಅಂದ. ಗಾಡಿಯವನು ಒಮ್ಮೆ ಕೊಟ್ಟಿಗೆಯ ಕಡೆ ನೋಡಿದ. ತಲೆ ಕೆರೆದುಕೊಂಡ. “ಆಗಲಿ ಸ್ವಾಮಿ” ಅಂದ.

ವ್ಯಾಪಾರಿ ಎದೆಯುಬ್ಬಿಸಿಕೊಂಡು ಹಿಂತಿರುಗಿದ. “ನೋಡಿದೆಯಾ ಅಜ್ಜಿ? ಒಂದೇ ಮಾತು. ಕೆಲಸ ಆಯಿತು.”

ಬೆಳಗ್ಗೆ ಗಾಡಿ ಹೊರಟಿತು. ಇಳಿಜಾರಿನ ತಿರುವಿನಲ್ಲಿ ಎಡಗಡೆಯ ಎತ್ತು ಮುಗ್ಗರಿಸಿತು. ಗಾಡಿ ವಾಲಿತು. ಪೆಟ್ಟಿಗೆಗಳು ಬಂಡೆಗೆ ಬಡಿದವು. ಒಂದು ಬಳೆಯೂ ಉಳಿಯಲಿಲ್ಲ. ಎತ್ತು ಮತ್ತೆ ಏಳಲಿಲ್ಲ. ವ್ಯಾಪಾರಿ ಬಗ್ಗಿ ಅದರ ಕಾಲು ನೋಡಿದ. ಗೊರಸಿನ ಸಂದಿನಲ್ಲಿ ಮಾಯದ ಹುಣ್ಣು. ಸುತ್ತ ಬೇವಿನೆಣ್ಣೆ ಹಚ್ಚಿದ ಗುರುತು.

“ಎತ್ತಿನ ಕಾಲು ಹುಣ್ಣಾಗಿದೆ ಅಂತ ಬಾಯಿಬಿಟ್ಟು ಹೇಳಲು ನಿನಗೇನು ದೊಡ್ಡ ರೋಗ ಬಂದಿತ್ತೋ?” ಎಂದು ಕೂಗಾಡಿದ.

ಗಾಡಿಯವನು ಎತ್ತಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. “ಕಟ್ಟು ಅಂದಿರಿ ಸ್ವಾಮಿ. ಕಟ್ಟಿದೆ” ಅಂದ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ಕಿಟಕಿಯ ಮೇಲಿದ್ದ ಸಿಟ್ಟೆಲ್ಲ ಈಗ ಗಾಡಿಯವನ ಮೇಲೆ ತಿರುಗಿತ್ತು.

“ಇದೆಂಥ ಪೆದ್ದುತನ ಮೇಷ್ಟ್ರೇ! ಎತ್ತು ಅವನದು, ಹುಣ್ಣು ಅವನಿಗೆ ಗೊತ್ತು. ಆಗುವುದಿಲ್ಲ ಅಂದುಬಿಡಬಹುದಿತ್ತಲ್ಲ?”

ಮೇಷ್ಟ್ರು ಹೇಳಿದರು: “ಗಾಡಿ ಕೇಳಲು ಒಂದೇ ಮಾತು ಸಾಕು, ಚನ್ನವೀರ, ಉಳಿದ ಮಾತೆಲ್ಲ ಎದುರಿನವನು ಆಗುವುದಿಲ್ಲ ಅನ್ನಲಿಕ್ಕೆ ನಾವು ಬಿಡುವ ಜಾಗ.”