ಕುರಿಕೂಸಿನ ಬಂಡೆ

ಕರೆಕಲ್ಲಹಟ್ಟಿಯಿಂದ ಪಡುವಣಕ್ಕೆ ಹೋಗುವ ಮಣ್ಣುದಾರಿ ಹಳ್ಳಕ್ಕೆ ಇಳಿಯುವ ಮುಂಚೆ ಎಡಗಡೆ ಆಳೆತ್ತರದ ಒಂದು ಬಂಡೆ ಇದೆ. ತಲೆ ಚಪ್ಪಟೆ, ಮೈ ನುಣುಪು, ಇಬ್ಬರು ಆರಾಮವಾಗಿ ನಿಲ್ಲಬಹುದು. ಅಲ್ಲಿಂದ ನೋಡಿದರೆ ಹಳ್ಳದ ಆಚೆ ದಡದ ಜಾಲಿಮರಗಳು, ಅದರಾಚೆ ಬೋಳು ಗುಡ್ಡ ಕಾಣುತ್ತವೆ. ಇದಕ್ಕೆ ಕುರಿಕೂಸಿನ ಬಂಡೆ ಎಂದು ಹೆಸರು. ಹೆಸರು ಕೇಳಿ ಹೊಸಬರು ನಗುತ್ತಾರೆ. ಹಟ್ಟಿಯವರು ನಗುವುದಿಲ್ಲ.

ಹಿಂದೆ ಒಮ್ಮೆ ಈ ಹಟ್ಟಿಯಲ್ಲಿ ಬೀರಕ್ಕ ಎಂಬ ಕುರುಬರ ಹೆಂಗಸು ಇದ್ದಳಂತೆ. ಅವಳ ಮಗ ಕೆಂಚಪ್ಪ ವರ್ಷದ ಬಹುಪಾಲು ಕುರಿಮಂದೆಯ ಹಿಂದೆ ದೂರದ ಸೀಮೆಗಳಲ್ಲೇ ಇರುತ್ತಿದ್ದ. ನಡೆಯಲಾರದ ಎಳೆಮರಿಗಳು, ಸೊಸೆ ಮಾಳವ್ವ, ಎರಡು ವರ್ಷದ ಮೊಮ್ಮಗಳು ಚಿಕ್ಕಿ, ಇಷ್ಟೂ ಬೀರಕ್ಕನ ಪಾಲಿಗೆ. ಮಾಳವ್ವನಿಗೆ ಕೆಮ್ಮಿನ ಬೇನೆ ಅಂಟಿಕೊಂಡಿತು. ಆ ಕಾಲದಲ್ಲಿ ಕೆಮ್ಮಿ ರಕ್ತ ಉಗುಳಿದವರನ್ನು ಹಳ್ಳದಾಚೆ ಗುಡಿಸಲು ಹಾಕಿ ಇಡುವುದು ಹಟ್ಟಿಯ ಕಟ್ಟಳೆ. ಊಟವನ್ನು ಹಳ್ಳದ ನಡುವಿನ ಕಲ್ಲಿನ ಮೇಲಿಟ್ಟು ಬರಬೇಕು, ಅಷ್ಟೆ. ಆದರೆ ಮಾಳವ್ವನನ್ನು ಯಾರೂ ಅಟ್ಟಲಿಲ್ಲ ಎನ್ನುತ್ತಾರೆ. ಮಗಳು ಎರಡು ಸಲ ಕೆಮ್ಮಿದ್ದನ್ನು ಕೇಳಿದ ದಿನವೇ ಅವಳು ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಉಣ್ಣೆಯ ಮೂಟೆಯನ್ನೂ ನೂಲುವ ಕದಿರನ್ನೂ ಎತ್ತಿಕೊಂಡು ತಾನೇ ಹಳ್ಳ ದಾಟಿದಳು. ಕೇಳಿಕೊಂಡದ್ದು ಒಂದೇ. "ದಿನಾ ಬಿಸಿಲೇರೋ ಹೊತ್ತಿಗೆ ಆ ಬಂಡೆ ಮೇಲೆ ನಿಂತು ನನ್ನ ಕೂಸನ್ನ ತೋರ್ಸು ಅತ್ತೆ. ದೂರದಿಂದ್ಲೇ ಸಾಕು. ಹತ್ರ ಕೇಳಲ್ಲ."

ಬೀರಕ್ಕ ಒಪ್ಪಿದಳು, ಹತ್ತು ತಿಂಗಳು ಮಾತು ಉಳಿಸಿಕೊಂಡಳು ಕೂಡ. ಬೆಳಗ್ಗೆ ಬಂಡೆ ಹತ್ತಿ ಕೂಸನ್ನು ಎತ್ತಿ ಹಿಡಿಯುವಳು. ಆಚೆ ದಡದಿಂದ ಮಾಳವ್ವ "ಉಂಡ್ಲಾ ಅತ್ತೆ?" ಎಂದು ಕೂಗುವಳು. "ಉಂಡ್ಲು ಕಣೆ" ಎಂದು ಇವಳು. ತೊಂದರೆ ಇದ್ದದ್ದು ಕೂಸಿನದು. ಅವ್ವನನ್ನು ಕಂಡೊಡನೆ ಅದು ಕೈಯಿಂದ ಜಿಗಿಯಲು ನೋಡುತ್ತಿತ್ತು, ಮನೆಗೆ ತಂದ ಮೇಲೆ ಹೊತ್ತು ಇಳಿಯುವವರೆಗೂ ಅತ್ತು ತುತ್ತು ಮುಟ್ಟುತ್ತಿರಲಿಲ್ಲ. ಒಂದು ದಿನ ಬಂಡೆಯಿಂದ ಜಾರಿಯೇ ಬಿಡುತ್ತಿತ್ತು. ಪಕ್ಕದ ಮನೆ ಗಿರಿಯಕ್ಕನಿಗೆ ನಾಲಿಗೆ ತುರಿಸುತ್ತಲೇ ಇತ್ತು. "ಸಾಯೋಳನ್ನ ತೋರ್ಸಿ ತೋರ್ಸಿ ಬದುಕೋ ಕೂಸನ್ನ ಒಣಗಿಸ್ತಿದ್ದೀಯಲ್ಲ, ಬುದ್ಧಿ ಐತೇನೆ ನಿಂಗೆ? ಅಷ್ಟು ದೂರಕ್ಕೆ ಅವಳಿಗೇನು ಮೂಗು ಕಣ್ಣು ಕಾಣ್ತವಾ?" ಎಂದಳು.

ಮಾರನೆಯ ದಿನ ಬೀರಕ್ಕ ಒಂದು ಕಪ್ಪು ಕುರಿಮರಿಗೆ ಚಿಕ್ಕಿಯ ಕುಲಾವಿ ಕಟ್ಟಿ, ಕಂಬಳಿತುಂಡಿನಲ್ಲಿ ಸುತ್ತಿ, ಬಂಡೆ ಹತ್ತಿದಳು. ಆಚೆ ದಡದಲ್ಲಿ ಮಾಳವ್ವ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ದಿನದ ಹಾಗೆಯೇ ಕೈ ಎತ್ತಿ "ಉಂಡ್ಲಾ ಅತ್ತೆ?" ಎಂದಳು. ಬೀರಕ್ಕನಿಗೆ ಉಸಿರು ಬಂತು. ಕೂಸಿಗಾಗಿಯೇ ಹೀಗೆ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಉಳಿದರ್ಧ ಆಮೇಲೆ ತಿಳಿಯಿತು. ತಾಯಿಯನ್ನು ಕಾಣದ ಚಿಕ್ಕಿ ಹದಿನೈದೇ ದಿನಕ್ಕೆ ಬೀರಕ್ಕನನ್ನು ಅವ್ವಾ ಎಂದು ಕರೆಯತೊಡಗಿತು, ಬೀರಕ್ಕ ತಿದ್ದಲಿಲ್ಲ. ಹಾಗೆ ಕರೆಸಿಕೊಳ್ಳುವುದು ಅವಳಿಗೆ ಹಿತವಾಗಿತ್ತು.

ಮರಿ ಬೆಳೆದು ಕುಲಾವಿ ಹಿಡಿಸದಾದಾಗ ಕಂದು ಮರಿ ಬಂತು. ಅದೂ ಬಲಿತಾಗ ಒಂದು ಬಿಳಿಯದು. ಐದು ತಿಂಗಳು ಕಳೆದರೂ ಮಾಳವ್ವನ ಮಗಳು ಮಾತ್ರ ಒಂದು ಗೇಣೂ ಬೆಳೆಯಲಿಲ್ಲ. ಹೆತ್ತವಳಿಗೆ ಇಷ್ಟೂ ತಿಳಿಯುವುದಿಲ್ಲ ಎಂದುಕೊಂಡ ಬೀರಕ್ಕನಿಗೆ, ತಾನೂ ಒಬ್ಬನನ್ನು ಹೆತ್ತಿದ್ದೇನೆ ಎಂಬುದು ನೆನಪಾಗಲಿಲ್ಲವೇನೋ. ಒಂದು ಬೆಳಗ್ಗೆ ಬಿಳಿಮರಿ ಅರಚಲು ಬಾಯಿ ತೆರೆಯಿತು. ಬೀರಕ್ಕ ಸೆರಗಿನಿಂದ ಅದರ ಮೂತಿ ಅದುಮಿದಳು. ಆಚೆಯಿಂದ ಮಾಳವ್ವ ಕೆಮ್ಮಿನ ನಡುವೆಯೇ ಕೂಗಿದಳು: "ಅಷ್ಟು ಬಿಗಿಯಾಗಿ ಹಿಡೀಬ್ಯಾಡ ಅತ್ತೆ, ಪಾಪ, ಉಸ್ರು ಕಟ್ತೈತೆ!" ಆ ಸಂಜೆ ಗಿರಿಯಕ್ಕನ ಜಗಲಿಯಲ್ಲಿ ಬೀರಕ್ಕ ಇದನ್ನೇ ಅಣಕಿಸಿ ತೋರಿಸಿದಳು. ಇಬ್ಬರೂ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು.

ಮೂರು ದಿನ ಬಿಟ್ಟು ಆಚೆ ದಡದಲ್ಲಿ ಯಾರೂ ನಿಲ್ಲಲಿಲ್ಲ. ಹಿಂದಿನ ದಿನದ ಮುದ್ದೆ ಕಲ್ಲಿನ ಮೇಲೆ ಹಾಗೆಯೇ ಇತ್ತು. ಬೀರಕ್ಕ ಮರಿಯನ್ನು ಕಂಕುಳಲ್ಲಿಟ್ಟುಕೊಂಡೇ ಹಳ್ಳ ದಾಟಿದಳು. ಗುಡಿಸಲಿನ ಬಾಗಿಲಲ್ಲಿ, ಬಂಡೆಯ ಕಡೆ ಮುಖ ಮಾಡಿ ಒರಗಿಕೊಂಡಂತೆಯೇ ಮಾಳವ್ವನ ಪ್ರಾಣ ಹೋಗಿತ್ತು. ಮಗಳಿಗೆ ಒಂದು ಕಂಬಳಿಯಾಗುವಷ್ಟು ನೂಲನ್ನು ತೆಗೆದು ಉಂಡೆ ಸುತ್ತಿ ಇಟ್ಟಿದ್ದಳು. ಅದರ ಪಕ್ಕದಲ್ಲಿ ಉಣ್ಣೆಯಿಂದ ಹೆಣೆದ ಮೂರು ಸಣ್ಣ ಹುರಿಗಳಿದ್ದವು. ಎಳೆಮರಿಗೆ ದೃಷ್ಟಿಯಾಗದಿರಲೆಂದು ಕುರುಬರು ಕೊರಳಿಗೆ ಕಟ್ಟುವ, ಕೆಂಪು ಕುಚ್ಚಿನ ಹುರಿಗಳು. ಮನುಷ್ಯರ ಕೂಸಿಗೆ ಅದನ್ನು ಯಾರೂ ಕಟ್ಟುವುದಿಲ್ಲ. ಒಂದು ಕಪ್ಪು, ಒಂದು ಕಂದು, ಒಂದು ಬಿಳಿ.

ಬೀರಕ್ಕ ಅಲ್ಲೇ ಕುಕ್ಕರಿಸಿದಳು. ಮೊದಲ ದಿನದಿಂದಲೂ ಮಾಳವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಎದ್ದು ಬಂದು, ನಿಂತು, ಉಂಡ್ಲಾ ಎಂದು ಕೇಳಿದ್ದಳು. ಬೈದರೆ ಉಂಡ್ಲು ಎಂಬ ಉತ್ತರವೂ ನಿಂತುಹೋದೀತೆಂದು ಬೈಯಲಿಲ್ಲವೋ, ತನ್ನ ಮಗಳನ್ನು ಸಾಕುತ್ತಿರುವ ಕೈಗೆ ನಾಚಿಕೆಯಾಗದಿರಲಿ ಎಂದು ಸುಮ್ಮನಿದ್ದಳೋ, ಹೇಳುವವರು ಉಳಿದಿರಲಿಲ್ಲ.

ಮಂದೆಯಿಂದ ಕೆಂಚಪ್ಪ ಬಂದ. ತಾಯಿ ಎಲ್ಲವನ್ನೂ ಹೇಳಿದಳು, ಜಗಲಿಯ ನಗೆಯನ್ನೂ ಬಿಡದೆ. ಆಮೇಲೆ ಅವಳು ಸಾಯುವವರೆಗೂ ಅವನು ತಾಯಿಯ ಕೈಯಲ್ಲಿ ಉಂಡ, ಆದರೆ ಅವಳೊಡನೆ ಮಾತಾಡಲಿಲ್ಲ. ಹಟ್ಟಿಯವರಿಗೆ ಮಾತ್ರ ಭಕ್ತಿ ಉಕ್ಕಿತು. ಮಾಳವ್ವ ಬದುಕಿದ್ದಾಗ ಹಳ್ಳ ದಾಟದವರೆಲ್ಲ ಬಂಡೆಯ ಹತ್ತಿರ ಸೇರಿ, ಮಾಳವ್ವತಾಯಿಯ ಬಂಡೆ ಎಂದು ಹೆಸರಿಟ್ಟು ಕಲ್ಲು ನೆಡೋಣ ಎಂದರು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಮುಂದೆ ಬಂದವಳು ಗಿರಿಯಕ್ಕನೇ. ಬೀರಕ್ಕ ಬಂಡೆಗೆ ಅಡ್ಡ ನಿಂತಳು.

"ತಟ್ಟೆ ತಗೊಂಡ್ಹೋಗೆ. ಅವಳ ಹೆಸರಿಟ್ರೆ ನಾವು ಅವಳಿಗೆ ಏನೋ ಒಳ್ಳೇದು ಮಾಡ್ದಂಗೆ ಆಗ್ತೈತೆ. ನಾನಿಲ್ಲಿ ಏನು ಎತ್ತಿ ಹಿಡ್ದೆ, ಅದರ ಹೆಸರಿಡ್ರಿ. ನಾಳೆ ಚಿಕ್ಕಿ ಯಾಕವ್ವಾ ಈ ಹೆಸರು ಅಂತ ಕೇಳ್ಬೇಕು. ನಾನೇ ಹೇಳ್ಬೇಕು."

ಚಿಕ್ಕಿ ಕೇಳಿದಳು, ಬೀರಕ್ಕ ಹೇಳಿದಳು ಎನ್ನುತ್ತಾರೆ. ಕೇಳಿದ ಮೇಲೆ ಅವಳನ್ನು ಅವ್ವಾ ಎಂದು ಕರೆದಳೋ ಬಿಟ್ಟಳೋ, ಆ ಮನೆಯವರು ಇವತ್ತಿಗೂ ಬಾಯಿ ಬಿಡುವುದಿಲ್ಲ.

ಈ ಸೀಮೆಯಲ್ಲಿ ಸ್ವಲ್ಪ ಎತ್ತರದ ಕಲ್ಲು ಕಂಡರೆ ಸಾಕು, ಜನ ಕುಂಕುಮ ಬಳಿದು ಕೈ ಮುಗಿಯುತ್ತಾರೆ. ಈ ಬಂಡೆ ಮಾತ್ರ ಈಗಲೂ ಬೋಳಾಗಿದೆ. ತಿಳಿಯದ ಪರಸ್ಥಳದವರು ಒಂದು ಹೂವಿಟ್ಟು ಹೋದರೆ, ನೀರಿಗೆ ಹೋಗುವ ಹಟ್ಟಿಯ ಹೆಂಗಸರು ಅದನ್ನು ತೆಗೆದು ಹಳ್ಳಕ್ಕೆ ಹಾಕುತ್ತಾರೆ. ಯಾಕೆಂದು ಕೇಳಿದರೆ ಕಥೆಯನ್ನು ಪೂರ್ತಿ ಹೇಳುತ್ತಾರೆ. ಹೇಳುವಾಗ ಮಾತ್ರ ಕೇಳಿದವರ ಮುಖ ನೋಡುವುದಿಲ್ಲ.